ತನುಜ ಮೇಡಂ ಹಿಡಿದ ತಪ್ಪು

ಗೌರಿಬಿದನೂರಿನಿಂದ ತೊಂಡೇಬಾವಿಯ ಕಡೆಗೆ ಹೊರಟರೆ, ಊರು ಮುಗಿದು ಮುಸುಕಿನ ಜೋಳದ ಹೊಲಗಳು ಶುರುವಾಗುವ ಕಡೆ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿದೆ. ಅಲ್ಲಿನ ಕಂಪ್ಯೂಟರ್ ಲ್ಯಾಬು ತನುಜಳದು. ಕಾಗದದ ಮೇಲೆ ಅದು ಆಡಳಿತ ಮಂಡಳಿಯದು, ವಿಭಾಗದ ಮುಖ್ಯಸ್ಥರದು, ಇನ್ನೂ ಯಾರುಯಾರದೋ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆಯುವವಳು ಅವಳು. ಅಲ್ಲಿರುವ ಮೂವತ್ತು ಕಂಪ್ಯೂಟರುಗಳಲ್ಲಿ ಹನ್ನೊಂದನೆಯದರ ಕೀಬೋರ್ಡಿನಲ್ಲಿ ಯಾವ ಗುಂಡಿ ಸಿಕ್ಕಿಕೊಳ್ಳುತ್ತದೆ, ಇಪ್ಪತ್ತಮೂರನೆಯದು ಯಾವ ಹೊತ್ತಿಗೆ ಗೊರಕೆ ಹೊಡೆಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳೂ ಅವಳೇ. ಹುದ್ದೆಯ ಹೆಸರು ಲ್ಯಾಬ್ ಇನ್‌ಸ್ಟ್ರಕ್ಟರ್. ಪಾಠ ಮಾಡುವವರ ಪಾಲಿಗೆ ಅವಳು ಮೇಷ್ಟ್ರಲ್ಲ, ಕಚೇರಿಯವರ ಪಾಲಿಗೆ ಗುಮಾಸ್ತೆಯೂ ಅಲ್ಲ. ಏನಾದರೂ ಕೆಟ್ಟಾಗ ಮಾತ್ರ ಎಲ್ಲರಿಗೂ ಅವಳ ನೆನಪಾಗುತ್ತದೆ.

ಅವಳ ಅಪ್ಪ ಕೋನಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಹೆಗಲ ಮೇಲೆ ಸುತ್ತಿಗೆ ಹೊತ್ತು ತೊಂಡೇಬಾವಿ ಸ್ಟೇಷನ್ನಿನ ಆಚೀಚೆ ಹಳಿಯುದ್ದಕ್ಕೂ ನಡೆಯುವುದು, ಸಡಿಲವಾದ ಕೀಲುಗಳನ್ನು ಬಡಿದು ಬಿಗಿ ಮಾಡುವುದು ಅವರ ಕೆಲಸ. ನಿನ್ನೆ ಸರಿಯಾಗಿತ್ತು ಎಂಬ ಕಾರಣಕ್ಕೆ ಇವತ್ತು ನೋಡದೆ ಬಿಟ್ಟವರಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಮನೆಯಿದ್ದ ಬೀದಿಯಿಂದ ಡಿಪ್ಲೊಮಾ ಮುಗಿಸಿದ ಮೊದಲ ಹೆಣ್ಣುಮಗಳು ತನುಜ. ಹೆಸರು ಕೇಳಿ, ಊರು ಕೇಳಿ, ಆಮೇಲೆ "ಊರಲ್ಲಿ ಯಾವ ಕಡೆ ಮನೆ?" ಎಂದು ಮೆಲ್ಲಗೆ ವಿಚಾರಿಸುವ ಜನ ಕಾಲೇಜಿನಲ್ಲೂ ಇದ್ದರು. ಅವಳು ಅವರಿಗೆಲ್ಲ ನೆಟ್ಟಗೆ ಉತ್ತರ ಕೊಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ತನ್ನ ಲ್ಯಾಬಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮಾತ್ರ ಕೋಪ ಮೂಗಿನ ತುದಿಗೆ ಬರುತ್ತಿತ್ತು.

ಹೋದ ವರ್ಷ ಆ ಲ್ಯಾಬಿಗೆ ಒಂದು ಕಾಟ ಗಂಟುಬಿತ್ತು.

ಮಕ್ಕಳಿಗೆ ಲಿನಕ್ಸ್ ಕಲಿಸಬೇಕು, ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲೆಂದು ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿದ್ದರು. ಅದು ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಹುಟ್ಟಿಸುತ್ತದೆ. ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಂಡರೆ ಅದರೊಳಗೆ ಬೇರೆಯೇ ಯಂತ್ರ. ಅದಕ್ಕೆ ಅದರದೇ ಹೆಸರು, ಅದರದೇ ನೆಟ್‌ವರ್ಕ್ ವಿಳಾಸ. ವರ್ಚುಯಲ್ ಮಷೀನ್ ಎನ್ನುತ್ತಾರೆ. ತನುಜ ಹೊಸ ಮಕ್ಕಳಿಗೆ ಹೇಳಿಕೊಡುವಾಗ ಸುಮ್ಮನೆ "ಒಳಗಿನ ಕಂಪ್ಯೂಟರ್, ಹೊರಗಿನ ಕಂಪ್ಯೂಟರ್" ಅನ್ನುತ್ತಿದ್ದಳು. ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಳಗಿನ ಕಂಪ್ಯೂಟರಿನ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಸತ್ತುಹೋಗುತ್ತಿತ್ತು. ಒಂದರದ್ದಲ್ಲ, ಮೂವತ್ತರದ್ದೂ. ಹೊರಗಿನ ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಇಂಟರ್ನೆಟ್ಟಿನಲ್ಲಿ ಹಾಯಾಗಿ ಇರುತ್ತಿತ್ತು. ಒಳಗಿನದನ್ನು ಆರಿಸಿ ಹಚ್ಚಿದರೂ ನೆಟ್‌ವರ್ಕ್ ಬರುತ್ತಿರಲಿಲ್ಲ. ಹೊರಗಿನದನ್ನೂ ಬಂದ್ ಮಾಡಿ ಮೊದಲಿನಿಂದ ಶುರು ಮಾಡಬೇಕು. ಅಷ್ಟರಲ್ಲಿ ಮಕ್ಕಳು ಮಾಡಿದ ಕೆಲಸವೂ ಹೋಗಿರುತ್ತಿತ್ತು, ಅರ್ಧ ಕ್ಲಾಸೂ ಹೋಗಿರುತ್ತಿತ್ತು.

ಮೊದಮೊದಲು ಎಲ್ಲರೂ ವೈದ್ಯರಾದರು. ಕೇಬಲಿನವನು ಬಂದು ಕೇಬಲ್ ಬದಲಾಯಿಸಿದ. ಕಾಟ ನಿಂತಿತು, ವಾರ ಕಳೆದು ಮತ್ತೆ ಬಂತು. ಕಚೇರಿಯವರು ವೈರಸ್ ತೆಗೆಸಿದರು. ಆಗಲೂ ಒಂದು ವಾರ ನಿಂತಿತು, ಮತ್ತೆ ಬಂತು. ಆಯುಧಪೂಜೆಗೆ ಮೂವತ್ತು ಯಂತ್ರಕ್ಕೂ ಕುಂಕುಮವಿಟ್ಟು ಲ್ಯಾಬಿನ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಆ ವಾರ ಪೂರ್ತಿ ನೆಟ್‌ವರ್ಕ್ ಒಂದು ಸಲವೂ ಹೋಗಲಿಲ್ಲ. ಕುಂಬಳಕಾಯಿ ಒಡೆದ ಆವುಲಪ್ಪ, ಕಾಲೇಜಿನ ಅಟೆಂಡರ್, "ನಾನ್ ಹೇಳ್ಲಿಲ್ವಾ, ದೃಷ್ಟಿ ಆಗಿತ್ತು ಅಂತ" ಎಂದು ಸ್ಟಾಫ್ ರೂಮಿನಲ್ಲೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದ. ಮುಂದಿನ ಸೋಮವಾರ ಬೆಳಿಗ್ಗೆ ಹತ್ತರ ಮೇಲೆ ಮೂವತ್ತೂ ಮತ್ತೆ ಮಲಗಿದವು.

ಪೆಟ್ಟು ಬಿದ್ದದ್ದು ನವೆಂಬರಿನ ಆಂತರಿಕ ಪರೀಕ್ಷೆಯ ದಿನ. ಇಪ್ಪತ್ತೆಂಟು ಮಕ್ಕಳ ಉತ್ತರ ಸರ್ವರಿಗೆ ತಲುಪದೆ ಹೋಯಿತು. ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕಾಯಿತು, ಪೋಷಕರು ಗೇಟಿನ ಹತ್ತಿರ ಗಲಾಟೆ ಮಾಡಿದರು. ಸಂಜೆ ಆಡಳಿತ ಮಂಡಳಿಯ ಕಾರ್ಯದರ್ಶಿ ವೆಂಕಟರವಣಪ್ಪನವರು ಲ್ಯಾಬಿಗೇ ಬಂದು ನಿಂತರು. ಕೆಟ್ಟವರೇನಲ್ಲ, ಕಾಲೇಜು ಕಟ್ಟಲು ತಮ್ಮ ಹೊಲ ಬಿಟ್ಟುಕೊಟ್ಟವರು. ಆದರೆ ಬೋರ್‌ವೆಲ್ಲೇ ಇರಲಿ, ಕಂಪ್ಯೂಟರೇ ಇರಲಿ, ಕೆಟ್ಟರೆ ಅದು ನೋಡಿಕೊಳ್ಳುವವರದೇ ತಪ್ಪು ಎಂದು ನಂಬಿದವರು.

"ಏನಮ್ಮ, ನೋಡ್ಕೊಳ್ಳೋಕೆ ತಾನೇ ನಿನ್ನ ಇಟ್ಟಿರೋದು?"

"ನೋಡ್ಕೊಂಡೇ ಇದೀನಿ ಸಾರ್. ತಪ್ಪು ನಮ್ಮ ಲ್ಯಾಬಿಂದಲ್ಲ. ಆ ಸಾಫ್ಟ್‌ವೇರಲ್ಲೇ ಇದೆ."

"ಫಾರಿನ್ನೋರು ಮಾಡಿರೋದು ತಪ್ಪು, ತೊಂಡೇಬಾವಿಯೋಳು ಸರಿ. ಹಂಗಾ?" ಎಂದು ವೆಂಕಟರವಣಪ್ಪನವರು ನಕ್ಕರು. ಹಿಂದೆ ನಿಂತಿದ್ದ ನಾಲ್ಕು ಜನರೂ ನಕ್ಕರು. ತನುಜ ನಗಲಿಲ್ಲ.

ತೀರ್ಮಾನ ಆವತ್ತೇ ಆಯಿತು. ಲ್ಯಾಬು ಯಾಕೆ ಹೀಗೆ ಕೈಕೊಡುತ್ತಿದೆ ಎಂಬುದಕ್ಕೆ ವಿಭಾಗದ ಮುಖ್ಯಸ್ಥರು ಡಿಸೆಂಬರ್ ಹದಿನೈದರೊಳಗೆ ಲಿಖಿತ ವರದಿ ಕೊಡಬೇಕು. ಕಾರಣ ಸಿಬ್ಬಂದಿಯ ಅಜಾಗರೂಕತೆ ಎಂದು ಬಂದರೆ ಲ್ಯಾಬನ್ನು ಬೆಂಗಳೂರಿನ ಯಾವುದೋ ಏಜೆನ್ಸಿಗೆ ವಹಿಸುವುದು, ತನುಜಳನ್ನು ಅಡ್ಮಿಷನ್ ಕೌಂಟರಿನಲ್ಲಿ ಕೂರಿಸುವುದು. ಸಂಬಳಕ್ಕೇನೂ ತೊಂದರೆಯಿಲ್ಲ ಎಂದು ಕಾರ್ಯದರ್ಶಿಗಳು ಸಮಾಧಾನ ಬೇರೆ ಹೇಳಿದರು. ಆ ಸಮಾಧಾನವೇ ಅವಳಿಗೆ ಹೆಚ್ಚು ಉರಿಯಿತು. ಹತ್ತು ವರ್ಷ ತಾನು ಕಾಪಾಡಿದ ಲ್ಯಾಬಿನ ಕಡತದಲ್ಲಿ "ಅಜಾಗರೂಕತೆ" ಎಂಬ ಮಾತು ತನ್ನ ಹೆಸರಿನ ಪಕ್ಕ ಶಾಶ್ವತವಾಗಿ ಕೂರುತ್ತದಲ್ಲ ಎಂಬುದೇ ಅವಳ ಸಂಕಟ.

ವಿಭಾಗದ ಮುಖ್ಯಸ್ಥರು ಯೋಗನರಸಿಂಹ. ಇಪ್ಪತ್ತೆಂಟು ವರ್ಷ ಪಾಠ ಮಾಡಿದವರು, ತೂಕದ ಮನುಷ್ಯ. ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕುವುದಿಲ್ಲ ಎಂದು ಅವರಿಗೆ ಹೆಸರಿತ್ತು. ಹಾಗಿದ್ದೂ ಲ್ಯಾಬಿನ ರಿಜಿಸ್ಟರಿನಲ್ಲಿ ಮೂರು ಸಲ "ಬಳಸುವವರ ತಪ್ಪು" ಎಂದು ಬರೆದು ಸಹಿ ಹಾಕಿದ್ದರು. ಅದನ್ನು ಅವರು ಯಾವಾಗ ಕಣ್ಣಾರೆ ಕಂಡರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತನುಜ ಕೈಕಟ್ಟಿ ಕೂತವಳಲ್ಲ. ಆ ಸಾಫ್ಟ್‌ವೇರ್ ಮಾಡಿದವರಿಗೆ ತಪ್ಪುಗಳನ್ನು ತಿಳಿಸಲೆಂದು ಇಂಟರ್ನೆಟ್ಟಿನಲ್ಲಿ ಒಂದು ಕಟ್ಟೆಯಿದೆ. ಅಲ್ಲಿ ಮೂರು ಸಲ ದೂರು ಬರೆದಿದ್ದಳು. ಮೂರು ಸಲವೂ ಯುರೋಪಿನ ಯಾವುದೋ ಊರಿನಿಂದ ಲೂಕಾಸ್ ಎಂಬ ಎಂಜಿನಿಯರ್ ಮರ್ಯಾದೆಯಿಂದಲೇ ಉತ್ತರ ಕೊಟ್ಟಿದ್ದ: ಇಲ್ಲಿ ಕೇಬಲ್ ಕಿತ್ತು ಮತ್ತೆ ಹಾಕಿ ನೋಡಿದೆ, ಎಲ್ಲ ಸರಿಯಿದೆ, ದಯವಿಟ್ಟು ನಿಮ್ಮ ವೈರಿಂಗ್ ಪರೀಕ್ಷಿಸಿಕೊಳ್ಳಿ. ಮೂರು ಸಲವೂ ದೂರನ್ನು ಮುಚ್ಚಿದ್ದರು. ಅದರ ಕೆಳಗೆ ಶಿಡ್ಲಘಟ್ಟದ ಒಂದು ಕಾಲೇಜಿನವರು, ಚಿಂತಾಮಣಿಯ ಒಂದು ಕಾಲೇಜಿನವರು "ನಮ್ಮಲ್ಲೂ ಹೀಗೇ ಆಗ್ತಿದೆ" ಎಂದು ಬರೆದು, ಅವರೂ ಅದೇ ಉತ್ತರ ಪಡೆದು ಸುಮ್ಮನಾಗಿದ್ದರು. ಮಿಕ್ಕ ಪ್ರಪಂಚದಲ್ಲಿ ಯಾರಿಗೂ ಈ ತೊಂದರೆ ಇರಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿತು. ನಮ್ಮ ಸೀಮೆಯನ್ನೇ ಹುಡುಕಿಕೊಂಡು ಬಂದು ಕಾಡುವ ತಪ್ಪು ಯಾವುದಿದ್ದೀತು?

ಅವಳ ಹತ್ತಿರ ಒಂದು ನೋಟ್‌ಬುಕ್ಕಿತ್ತು. ನೆಟ್‌ವರ್ಕ್ ಹೋದಾಗಲೆಲ್ಲ ದಿನ, ಗಂಟೆ, ನಿಮಿಷ ಬರೆದಿಡುತ್ತಿದ್ದಳು. ಒಂದು ವಾರ ಪೂರ್ತಿ ಬೆಳಿಗ್ಗೆ ಹತ್ತರ ಆಸುಪಾಸು. ಮರುವಾರ ಮಧ್ಯಾಹ್ನ ಎರಡರ ಆಸುಪಾಸು. ಮೂರನೇ ವಾರ ಏನೂ ಇಲ್ಲ. ನಾಲ್ಕನೇ ವಾರ ಮತ್ತೆ ಬೆಳಿಗ್ಗೆ. ಯೋಗನರಸಿಂಹರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, "ಕಾಕತಾಳೀಯ ಕಣಮ್ಮ" ಎಂದು ಪುಸ್ತಕ ವಾಪಸ್ ಕೊಟ್ಟಿದ್ದರು.

ನವೆಂಬರ್ ಮುಗಿಯುತ್ತ ಬಂದ ಒಂದು ಭಾನುವಾರ ಅವಳು ತೊಂಡೇಬಾವಿಗೆ ಅಮ್ಮನನ್ನು ನೋಡಲು ಹೋದಳು. ಅಮ್ಮ ಗಂಗುಲಮ್ಮ ಅರವತ್ತೆರಡರ ಹೆಂಗಸು. ಕೋನಪ್ಪ ಕೊಂಡಿದ್ದ ಒಂದು ಎಕರೆಯಲ್ಲಿ ಸೇವಂತಿಗೆ ಹಾಕಿ, ಬೋರಿನ ಮೋಟರು ತಾವೇ ಹಾಕಿ, ತಾವೇ ನೀರು ಕಟ್ಟಿ, ಮೂರು ಕೂಲಿಯಾಳುಗಳನ್ನು ಗದರಿಸಿಕೊಂಡು ಗಟ್ಟಿಮುಟ್ಟಾಗಿದ್ದರು. ಮಗಳ ಜೊತೆ ಕೂತು ಹೂ ಬಿಡಿಸುತ್ತ, ಮಾತಿಗೆ ಮಾತು ಬಂದು ಹೇಳಿದರು:

"ಬೆಳಿಗ್ಗೆ ಪಾಳಿ ಮುಗೀತಮ್ಮ. ನಾಳೆಯಿಂದ ಮಧ್ಯಾಹ್ನ, ಎರಡು ಗಂಟೆ ಮ್ಯಾಲೆ ತ್ರೀ ಫೇಸ್ ಕೊಡ್ತಾರೆ. ಅದರ ಮುಂದಿನ ವಾರ ರಾತ್ರಿ. ಆ ವಾರ ನಂಗೆ ನಿದ್ದೆ ಇಲ್ಲ ನೋಡು."

ತನುಜಳ ಕೈಯಲ್ಲಿದ್ದ ಹೂ ಕೈಯಲ್ಲೇ ಉಳಿಯಿತು. ಹಳ್ಳಿಯ ಲೈನಿನಲ್ಲಿ ಮನೆ ದೀಪಕ್ಕೆ ಸಾಕಾಗುವ ಸಿಂಗಲ್ ಫೇಸ್ ಕರೆಂಟು ದಿನವೆಲ್ಲ ಇರುತ್ತದೆ; ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಮಾತ್ರ ಪಾಳಿಯಲ್ಲಿ ಬರುತ್ತದೆ. ಇದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಕಾಲೇಜಿಗೆ ಬರುವುದೂ ಅದೇ ಲೈನು ಎಂಬುದೂ ಗೊತ್ತು. ಎರಡನ್ನೂ ಒಂದು ದಿನವೂ ಜೋಡಿಸಿ ನೋಡಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದಳು.

"ಅಮ್ಮ, ಆಯುಧಪೂಜೆ ವಾರ ಯಾವ ಪಾಳಿ ಇತ್ತು?"

"ರಾತ್ರಿ. ಹಬ್ಬದಲ್ಲೂ ಒಬ್ಬಟ್ಟು ತಿಂದು ಮಲಗೋ ಹಂಗಿಲ್ವಲ್ಲ ಅಂತ ಬೈಕೊಂಡಿದ್ದೆ."

"ಅದಕ್ಕೆ ಮುಂದಿನ ವಾರ?"

"ಬೆಳಿಗ್ಗೆ, ಹತ್ತು ಗಂಟೆ."

ಅವಳು ಒಂದೊಂದೇ ತಾರೀಕು ಓದಿದಳು, ಗಂಗುಲಮ್ಮ ಹೂವಿನಿಂದ ತಲೆಯೆತ್ತದೆ ಒಂದೊಂದಕ್ಕೂ ಪಾಳಿ ಹೇಳಿದರು. ಮೂರು ತಿಂಗಳ ಲೆಕ್ಕದಲ್ಲಿ ಒಂದೂ ತಪ್ಪಲಿಲ್ಲ. ಕೇಬಲಿನವನ ವಾರವೂ ರಾತ್ರಿ ಪಾಳಿ, ವೈರಸ್ಸಿನ ವಾರವೂ ರಾತ್ರಿ ಪಾಳಿ. ಪಾಪ, ಆವುಲಪ್ಪನ ಕುಂಬಳಕಾಯಿ ದಂಡವಾಗಿತ್ತು.

"ಆದ್ರೆ ಕರೆಂಟು ಒಂದ್ ಸಲ ಹೋಗಿ ಬಂದ್ರೆ ಏನೂ ಆಗಲ್ಲಮ್ಮ. ಎಷ್ಟೋ ಸಲ ನೋಡಿದೀನಿ," ಎಂದಳು ತನುಜ, ಅರ್ಧ ಅಮ್ಮನಿಗೆ, ಅರ್ಧ ತನಗೇ.

"ತ್ರೀ ಫೇಸ್ ಕೊಡೋವಾಗ ಒಂದ್ ಸಲ ಎಲ್ಲಿ ಹೋಗ್ತದೆ? ಎರಡ್ ಸಲ. ಹೋಗಿ ಬರ್ತದೆ, ಮತ್ತೆ ಟಪ್ ಅಂತ ಹೋಗಿ ಬರ್ತದೆ. ಮೊದಲ್ನೇ ಸಲ ಬಂದಿದ್ದನ್ನ ನಂಬಿ ಮೋಟರು ಹಾಕಿದ್ರೋ, ಕಾಯಿಲ್ ಸುಟ್ಕೊಂಡು ಕೂತ್ಕೋತದೆ. ನಾನು ಕರೆಂಟು ಬಂದ್ ಮ್ಯಾಲೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕ್ಕೊಂಡೇ ಸ್ವಿಚ್ ಒತ್ತೋದು. ಅಷ್ಟರಲ್ಲಿ ನಿಲ್ಲೋ ಕರೆಂಟು ನಿಂತಿರ್ತದೆ. ಹದಿನೆಂಟು ವರ್ಷ ಆಯ್ತು ನನ್ ತಾಯಿ, ಒಂದ್ ಕಾಯಿಲ್ ಸುಟ್ಟಿಲ್ಲ."

ತನುಜ ಎದ್ದು ಅಮ್ಮನನ್ನು ತಬ್ಬಿಕೊಂಡಳು. ಹೂವೆಲ್ಲ ಚೆಲ್ಲಿತು. ಗಂಗುಲಮ್ಮ ಬೈದರು.

ಸೋಮವಾರ ಊಟದ ವಿರಾಮದಲ್ಲಿ ಅವಳು ಲ್ಯಾಬಿನ ಹೊರಗಿನ ಕಾರಿಡಾರಿಗೆ ಹೋದಳು. ಅಲ್ಲಿ ಗೋಡೆಯ ಮೇಲೆ ಒಂದು ಡಬ್ಬಿಯಿದೆ. ಮೂವತ್ತು ಕಂಪ್ಯೂಟರುಗಳ ನೆಟ್‌ವರ್ಕ್ ಕೇಬಲ್ಲೂ ಬಂದು ಸೇರುವುದು ಅದಕ್ಕೆ. ಲ್ಯಾಬಿನೊಳಗಿನ ಕಂಪ್ಯೂಟರು, ದೀಪ ಎಲ್ಲ ಯುಪಿಎಸ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. ಕರೆಂಟು ಹೋದರೂ ಅವುಗಳಿಗೆ ಗೊತ್ತಾಗುತ್ತಿರಲಿಲ್ಲ. ಮೂರು ಸೆಕೆಂಡಿನ ಆಟಕ್ಕೆ ಫ್ಯಾನು ಕೂಡ ನಿಲ್ಲುತ್ತಿರಲಿಲ್ಲ. ಕಾರಿಡಾರಿನ ಡಬ್ಬಿ ಮಾತ್ರ ನೇರ ಕರೆಂಟಿನ ಮೇಲಿತ್ತು. ಅವಳು ಅದರ ಪ್ಲಗ್ ಒಮ್ಮೆ ಕಿತ್ತು ಹಾಕಿದಳು: ಒಳಗಿನ ಕಂಪ್ಯೂಟರುಗಳ ನೆಟ್‌ವರ್ಕ್ ಹೋಗಿ ವಾಪಸ್ ಬಂತು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಕಿತ್ತಳು: ಬಂತು. ಆಮೇಲೆ ಕಿತ್ತು, ಹಾಕಿ, ಐದು ಎಣಿಸಿ, ಮತ್ತೆ ಕಿತ್ತು ಹಾಕಿದಳು. ಲ್ಯಾಬಿಗೆ ಓಡಿ ನೋಡಿದರೆ ಮೂವತ್ತೂ ಮಲಗಿದ್ದವು.

ಲೂಕಾಸನ ಸಾಫ್ಟ್‌ವೇರ್ ಮಾಡುತ್ತಿದ್ದ ತಪ್ಪು ಅನನುಭವಿ ರೈತ ಮಾಡುವ ತಪ್ಪೇ. ನೆಟ್‌ವರ್ಕ್ ಬಂದ ತಕ್ಷಣ ಹಿಂದುಮುಂದು ನೋಡದೆ ಅದನ್ನು ನಂಬಿ ಕೆಲಸ ಶುರು ಮಾಡುತ್ತಿತ್ತು. ಆ ಅರೆಗಳಿಗೆಯಲ್ಲಿ ಅದು ಮತ್ತೆ ಹೋದರೆ ಎಲ್ಲಿದ್ದೇನೆಂದು ತಿಳಿಯದೆ ಅಲ್ಲೇ ಕೂತುಬಿಡುತ್ತಿತ್ತು.

ಯೋಗನರಸಿಂಹರನ್ನು ಕರೆದು ತಂದು ಪ್ಲಗ್ ಕಿತ್ತು ತೋರಿಸಿದಳು. ಅವರು ಕನ್ನಡಕ ಏರಿಸಿ ಡಬ್ಬಿಯನ್ನು ನೋಡಿದರು.

"ಈ ಡಬ್ಬಿಗೂ ಒಂದು ಬ್ಯಾಟರಿ ಕೊಟ್ರೆ ಮುಗೀತಲ್ಲಮ್ಮ?"

"ಕೊಡೋಣ ಸಾರ್. ಆದ್ರೆ ಈಗಲೇ ಕೊಟ್ರೆ ವರದಿಯಲ್ಲಿ ಏನು ಬರೀತೀರಿ? ತಪ್ಪು ನಮ್ಮ ವೈರಿಂಗಿಂದು ಅಂತ. ಅದೇ ಕೇಬಲ್ಲಲ್ಲಿ ಹೊರಗಿನ ಕಂಪ್ಯೂಟರ್ ಸುಧಾರಿಸಿಕೊಳ್ತದೆ, ಒಳಗಿನದು ಮಾತ್ರ ಸುಧಾರಿಸಿಕೊಳ್ಳಲ್ಲ. ತಪ್ಪು ಅವರದು ಸಾರ್."

"ನೀನೇ ಕೈಯಾರೆ ಪ್ಲಗ್ ಕಿತ್ತು ತೋರಿಸಿದ್ರೆ ಕಮಿಟಿಯವರು ಸಾಕ್ಷಿ ಅಂತ ಒಪ್ತಾರಾ? ಕಿತ್ತಿದ್ದಕ್ಕೇ ಹೋಯ್ತು ಅಂತಾರೆ." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆವತ್ತು ಸಂಜೆ ತನುಜ ನಾಲ್ಕನೇ ಸಲ ದೂರು ಬರೆದಳು. ಅವಳ ಇಂಗ್ಲಿಷು ಸರಾಗವಾದದ್ದಲ್ಲ. ಆದರೆ ಆ ಪತ್ರದಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ. ಎಷ್ಟು ಸೆಕೆಂಡು ಹೋಗುತ್ತದೆ, ಎಷ್ಟು ಸೆಕೆಂಡು ಬರುತ್ತದೆ, ಮತ್ತೆ ಎಷ್ಟು ಹೋಗುತ್ತದೆ ಎಂದು ಬರೆದು, ಕೊನೆಗೆ ಸೇರಿಸಿದಳು: ಈ ಶುಕ್ರವಾರ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡೂ ಹತ್ತಕ್ಕೆ ಮೂವತ್ತು ಕಂಪ್ಯೂಟರುಗಳ ನೆಟ್‌ವರ್ಕ್ ಒಟ್ಟಿಗೆ ಸಾಯುತ್ತದೆ. ನಾನು ಯಾವುದನ್ನೂ ಮುಟ್ಟುವುದಿಲ್ಲ. ವಿಡಿಯೊ ಕರೆಯಲ್ಲಿ ಬಂದು ನೀವೇ ನೋಡಿ.

ತನ್ನ ಸಾಫ್ಟ್‌ವೇರ್ ಕೆಡುವ ನಿಮಿಷವನ್ನು ನಾಲ್ಕು ದಿನ ಮುಂಚೆ ಹೇಳಿ ಆಹ್ವಾನ ಕೊಟ್ಟವರನ್ನು ಲೂಕಾಸ್ ಅದುವರೆಗೆ ಕಂಡಿರಲಿಲ್ಲವೆಂದು ಕಾಣುತ್ತದೆ. ಬರುತ್ತೇನೆ ಎಂದು ಬರೆದ. ಆ ಶುಕ್ರವಾರ ತಪ್ಪಿದರೆ ಮತ್ತೆ ಮಧ್ಯಾಹ್ನದ ಪಾಳಿ ಬರುವುದು ವರದಿಯ ಗಡುವಿನ ದಿನಕ್ಕೇ; ನಡುವೆ ಬರುವ ಬೆಳಿಗ್ಗೆ ಪಾಳಿಯ ಹೊತ್ತಿಗೆ ಲೂಕಾಸನ ಊರಿನಲ್ಲಿ ಇನ್ನೂ ಬೆಳಗಾಗಿರುವುದಿಲ್ಲ.

ಶುಕ್ರವಾರ ಎರಡು ಗಂಟೆಗೆ ಲ್ಯಾಬಿನಲ್ಲಿ ಮೂವತ್ತು ಯಂತ್ರಗಳೂ ನಡೆಯುತ್ತಿದ್ದವು. ವೆಂಕಟರವಣಪ್ಪನವರು ಮುಂದಿನ ಕುರ್ಚಿಯಲ್ಲಿ, ಯೋಗನರಸಿಂಹ ಪಕ್ಕದಲ್ಲಿ. ದೊಡ್ಡ ಪರದೆಯ ಮೇಲೆ ಲೂಕಾಸ್ ಬೆಳಗಿನ ಕಾಫಿ ಹಿಡಿದು ಕೂತಿದ್ದ. ತನುಜ ಎಲ್ಲರಿಗೂ ಕಾಣುವಂತೆ ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿ ನಿಂತಳು. ಕಾರಿಡಾರಿನ ಡಬ್ಬಿಯ ಮುಂದೆ ಯಾರೂ ಹೋಗದಂತೆ ಆವುಲಪ್ಪನನ್ನು ಕಾವಲಿಗೆ ನಿಲ್ಲಿಸಿದ್ದರು.

ಎರಡೂ ಹತ್ತಾಯಿತು. ಏನೂ ಆಗಲಿಲ್ಲ. ಎರಡೂ ಹದಿನೈದು. ಎರಡೂ ಇಪ್ಪತ್ತು. ವೆಂಕಟರವಣಪ್ಪನವರು ಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ತನುಜಳ ಮೊಬೈಲ್ ಬಡಿದುಕೊಂಡಿತು, ಹೊಲದಿಂದ ಅಮ್ಮ. ಅವಳು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ತನುಜಮ್ಮ, ಲೈನ್‌ಮ್ಯಾನು ಮರ ಕಡೀತಾವ್ನೆ ಕಣಮ್ಮ. ಪಾಳಿ ತಡ. ಮೂರೂ ಹತ್ತಕ್ಕೆ ಕೊಡ್ತೀನಿ ಅಂತ ಹೇಳಿ ಹೋದ."

ವೆಂಕಟರವಣಪ್ಪನವರು ಎದ್ದು ನಿಂತರು. "ಇನ್ನೊಂದು ದಿನ ನೋಡಣ ಬಿಡಮ್ಮ" ಅಂದರು. ಪರದೆಯ ಮೇಲಿನ ಲೂಕಾಸನೂ ಏನೋ ಹೇಳಲು ಬಾಯಿ ತೆರೆದ. ಇನ್ನೊಂದು ದಿನ ಎಂಬುದು ಇಲ್ಲವೆಂದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ತನುಜ.

ಇನ್ನೊಬ್ಬರು ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡು ಗಟ್ಟಿಯಾಗಿ ಕೂತರು. "ಕೂತ್ಕೊಳ್ಳಿ ಸಾರ್," ಅಂದರು ಯೋಗನರಸಿಂಹ. "ಮೂರು ತಿಂಗಳು ಕಾದಿದೀವಿ. ಇನ್ನು ಐವತ್ತು ನಿಮಿಷ ಕಾಯಣ." ಲೂಕಾಸನಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. ವೆಂಕಟರವಣಪ್ಪನವರು ಗೊಣಗುತ್ತ ಕೂತರು. ಫೋನು ಇಡಬೇಡ ಎಂದು ತನುಜ ಅಮ್ಮನಿಗೆ ಹೇಳಿದಳು. ಆವುಲಪ್ಪ ಎಲ್ಲರಿಗೂ ಟೀ ತಂದ. ಡಬ್ಬಿಯ ಕಾವಲು ಬಿಟ್ಟು ಬಂದದ್ದಕ್ಕೆ ಯೋಗನರಸಿಂಹರಿಂದ ಬೈಸಿಕೊಂಡು ಓಡಿದ.

ಮೂರೂ ಹನ್ನೊಂದಕ್ಕೆ ಸ್ಪೀಕರಿನಲ್ಲಿ ಗಂಗುಲಮ್ಮನವರ ದನಿ ಬಂತು: "ಹೋಯ್ತು." ಲ್ಯಾಬಿನ ದೀಪ ಅಲುಗಾಡಲಿಲ್ಲ. "ಬಂತು, ನಂಬಬೇಡ." ತನುಜ ತುಟಿಯಲ್ಲೇ ಎಣಿಸಿದಳು. "ಮತ್ತೆ ಹೋಯ್ತು. ಹಾಂ, ಬಂತು. ಎಲೆ ಹಾಕ್ಕೋತೀನಿ ಇರು."

ಮೊದಲ ಸಾಲಿನ ಹತ್ತು ಕಿಟಕಿಗಳಲ್ಲಿ ನೆಟ್‌ವರ್ಕಿನ ಗುರುತು ಕೆಂಪಾಯಿತು. ಎರಡನೇ ಸಾಲು. ಮೂರನೇ ಸಾಲು. ಮೂವತ್ತಕ್ಕೆ ಮೂವತ್ತೂ. ಹೊರಗಿನ ಕಂಪ್ಯೂಟರು ಒಂದಕ್ಕೂ ಏನೂ ಆಗಿರಲಿಲ್ಲ; ಒಂದು ಗಳಿಗೆ ಮಾಯವಾಗಿದ್ದ ಲೂಕಾಸನ ಮುಖ ಮತ್ತೆ ಪರದೆಯ ಮೇಲೆ ಮೂಡಿತ್ತು, ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತ್ತು. ತನ್ನ ಲ್ಯಾಬು ಪೂರ್ತಿ ಕೈಕೊಟ್ಟದ್ದನ್ನು ನೋಡಿ ತನುಜಳಿಗೆ ಆದಷ್ಟು ಸಂತೋಷ, ಅದು ಸರಿಯಾಗಿದ್ದ ಯಾವ ದಿನವೂ ಆಗಿರಲಿಲ್ಲ. ಅವಳು ಗೋಡೆ ಬಿಟ್ಟು ಕದಲಿರಲಿಲ್ಲ, ಕಟ್ಟಿದ ಕೈ ಬಿಚ್ಚಿರಲಿಲ್ಲ.

"ಹಾಳಾಗ್ಲಿ, ಹೇಳಿದಂಗೇ ಆಯ್ತಲ್ಲಮ್ಮ!" ಅಂದರು ವೆಂಕಟರವಣಪ್ಪನವರು.

ಲೂಕಾಸ್ ಲೋಟ ಕೆಳಗಿಟ್ಟ. ಆಮೇಲೆ ತಪ್ಪು ತಮ್ಮದೇ ಎಂದು ಸ್ಪಷ್ಟವಾಗಿ ಹೇಳಿದ. ತಮ್ಮ ಊರಿನಲ್ಲಿ ಕರೆಂಟು ಹೋಗುವುದೇ ಅಪರೂಪ, ಹೀಗೆ ಎರಡೆರಡು ಸಲ ಹೋಗಿ ಬರುವುದನ್ನು ಯಾರೂ ಊಹಿಸಿರಲಿಲ್ಲ ಎಂದ. ಫೋನಿನಲ್ಲಿ ಮಾತಾಡಿದ ಎಂಜಿನಿಯರ್ ಯಾರು ಎಂದು ಕೇಳಿದ. "ನನ್ನ ತಾಯಿ. ಹೂ ಬೆಳೀತಾರೆ," ಎಂದಳು ತನುಜ. ಇಂಗ್ಲಿಷಿನಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅಲ್ಲಿದ್ದ ಯಾರೂ ಮೊದಲು ಕೇಳಿರಲಿಲ್ಲ.

ಹತ್ತು ದಿನಕ್ಕೆ ತಿದ್ದಿದ ಸಾಫ್ಟ್‌ವೇರ್ ಬಂತು. ಇನ್ನು ಮೇಲೆ ಒಳಗಿನ ಕಂಪ್ಯೂಟರು ನೆಟ್‌ವರ್ಕ್ ಬಂದೊಡನೆ ನಂಬುವುದಿಲ್ಲ. ಅದು ನಿಂತಿದೆಯೇ ಎಂದು ಕಾದು ನೋಡುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂದು ಲೂಕಾಸ್ ಕೇಳಿದ್ದಕ್ಕೆ ತನುಜ ಅಮ್ಮನ ಎಲೆ ಅಡಿಕೆಗೆ ಎಷ್ಟು ಹೊತ್ತಾಗುತ್ತದೆಂದು ಅಳೆದು ಇಪ್ಪತ್ತೈದು ಸೆಕೆಂಡು ಎಂದು ಬರೆದಿದ್ದಳು. ಅವನು ಅದನ್ನು ಹನ್ನೆರಡಕ್ಕೆ ಇಳಿಸಿಕೊಂಡ. ಅವಸರದ ಜನ.

ಆ ವಾರ ಬೆಳಿಗ್ಗೆಯ ಪಾಳಿ. ಲ್ಯಾಬಿನಲ್ಲಿ ಎರಡನೇ ವರ್ಷದವರು ಕೆಲಸ ಮಾಡುತ್ತಿದ್ದರು. ತನುಜ ಒಂದು ಮೂಲೆಯಲ್ಲಿ, ಯೋಗನರಸಿಂಹ ಬಾಗಿಲಲ್ಲಿ. ಹತ್ತೂ ಎಂಟಕ್ಕೆ ಕಾರಿಡಾರಿನ ಡಬ್ಬಿಯ ದೀಪಗಳು ಆರಿ ಹತ್ತಿದವು, ಮತ್ತೆ ಆರಿ ಹತ್ತಿದವು. ಹನ್ನೆರಡು ಸೆಕೆಂಡು ಕಳೆಯಿತು. ಒಂದು ಕಿಟಕಿಯೂ ಕೆಂಪಾಗಿ ಉಳಿಯಲಿಲ್ಲ. ಮಕ್ಕಳಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಏನಾಯಿತೆಂದು ಗೊತ್ತಿದ್ದವರು ಇಬ್ಬರೇ. ಅವರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಶಿಡ್ಲಘಟ್ಟ, ಚಿಂತಾಮಣಿಯ ಕಾಲೇಜಿನವರಿಗೆ ತನುಜ ಆವತ್ತೇ ಫೋನು ಮಾಡಿ, ತಪ್ಪು ನಿಮ್ಮದಾಗಿರಲಿಲ್ಲ ಎಂದು ಹೇಳಿದಳು.

ಡಿಸೆಂಬರ್ ಹನ್ನೆರಡರಂದು ಯೋಗನರಸಿಂಹ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಲ್ಯಾಬಿನ ರಿಜಿಸ್ಟರ್ ತೆರೆದಿತ್ತು. ಮೂರು ಕಡೆ "ಬಳಸುವವರ ತಪ್ಪು" ಎಂಬುದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ನನ್ನ ತಪ್ಪು ತಿಳಿವಳಿಕೆ" ಎಂದು ಬರೆದು ತಾರೀಕು ಹಾಕಿದ್ದರು. ಅದರ ಪಕ್ಕದಲ್ಲಿ ವರದಿ. ಅವಳು ನಿಂತೇ ಓದಿದಳು. ಕಾರಣ: ಸಾಫ್ಟ್‌ವೇರಿನ ದೋಷ, ತಯಾರಕರು ಒಪ್ಪಿ ಸರಿಪಡಿಸಿದ್ದಾರೆ. ಸಮಯದ ಮಾಹಿತಿ ನೀಡಿದವರು: ಶ್ರೀಮತಿ ಗಂಗುಲಮ್ಮ, ಕೃಷಿಕರು, ತೊಂಡೇಬಾವಿ.

ಆ ನಮೂನೆಯ ಕೊನೆಯಲ್ಲಿ ಅಚ್ಚಾಗಿರುವುದು ಒಂದೇ ಸಹಿಯ ಜಾಗ, ವಿಭಾಗದ ಮುಖ್ಯಸ್ಥರದು. ಅದು ಖಾಲಿಯಿತ್ತು. ಅದರ ಮೇಲ್ಗಡೆ ಸ್ಕೇಲು ಇಟ್ಟು ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಅವರದೇ ಅಕ್ಷರದಲ್ಲಿ: ದೋಷ ಪತ್ತೆ ಮಾಡಿದವರು.

"ಸಾರ್, ನೀವಿನ್ನೂ ಸಹಿ ಹಾಕಿಲ್ಲ."

"ಮೊದಲು ನೀವು ಹಾಕಿ ಮೇಡಂ," ಅಂದರು ಯೋಗನರಸಿಂಹ, ತಮ್ಮ ಪೆನ್ನನ್ನೇ ಮುಂದೆ ಚಾಚಿ.

ಹತ್ತು ವರ್ಷದಲ್ಲಿ ಅವರು ಅವಳಿಗೆ ನೀವು ಎಂದದ್ದು ಅದೇ ಮೊದಲು. ಆ ಕಾಲೇಜಿನಲ್ಲಿ ಹಾಜರಿ ಪುಸ್ತಕ ಬಿಟ್ಟು ಬೇರೆ ಕಾಗದದ ಮೇಲೆ ಅವಳ ಸಹಿ ಯಾರಿಗೂ ಬೇಕಾದದ್ದೂ ಅದೇ ಮೊದಲು. ತನುಜಳ ಕಣ್ಣು ಒದ್ದೆಯಾಯಿತು, ಹೆಮ್ಮೆಯಿಂದ, ಬೇರೆ ಯಾವುದರಿಂದಲೂ ಅಲ್ಲ. ಅವಳು ಕುರ್ಚಿ ಎಳೆದು ಕೂತು, ಅವಸರ ಮಾಡದೆ, ಕನ್ನಡದಲ್ಲಿ ಪೂರ್ತಿ ಹೆಸರು ಬರೆದಳು: ತನುಜ ಕೋನಪ್ಪ.

ಯೋಗನರಸಿಂಹ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು, ಅವಳ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು.